ಹಳೆಯ ಕ್ಯಾರವಾನ್ ಟ್ರೇಲರ್ ಕೊಂಡಿರಾ? ಮೃಗಶಿರಾ ಮಳೆಗೆ ಮುನ್ನ ಮುಗಿಸಬೇಕಾದ ಕೆಲಸಗಳು

ಹಳೆಯ ಕ್ಯಾರವಾನ್ ಟ್ರೇಲರ್, ಅಂದರೆ ಕಾರಿನ ಹಿಂದೆ ಹೂಡಿ ಎಳೆಯುವ ಗಾಲಿಮನೆ, ನೋಡಲು ಹೋದವರು ಮೊದಲು ಬಾಗಿಲು ತೆಗೆದು ಒಳಗೆ ಇಣುಕುತ್ತಾರೆ. ಹಾಸಿಗೆ ಮೆತ್ತಗಿದೆಯೇ, ಒಲೆ ಹೊತ್ತುತ್ತದೆಯೇ, ಪರದೆಯ ಬಣ್ಣ ಚೆನ್ನಾಗಿದೆಯೇ ಎಂದು ವಿಚಾರಿಸುತ್ತಾರೆ. ನಾನು ಒಂದು ಗೋಣಿಚೀಲ ಹಾಸಿ ಕೆಳಗೆ ಮಲಗುತ್ತೇನೆ. ಮೂವತ್ತೊಂದು ವರ್ಷ ಬಸ್ಸುಗಳ ಅಡಿಯಲ್ಲಿ ಮಲಗಿ ಅನ್ನ ದುಡಿದವನಿಗೆ ಬೇರೆ ಅಭ್ಯಾಸ ಎಲ್ಲಿಂದ ಬರಬೇಕು?

ನಿವೃತ್ತಿಯ ಮರುವರ್ಷ ಅಳಿಯನ ಒತ್ತಾಯಕ್ಕೆ ನಾವೂ ಒಂದನ್ನು ಕೊಂಡು ಹುಬ್ಬಳ್ಳಿಗೆ ತಂದೆವು. ಪುಣೆಯಲ್ಲಿ ಮಾಡಿಸಿದ್ದು, ಒಂದೇ ಅಚ್ಚು, ಎರಡು ಗಾಲಿ, ಕಬ್ಬಿಣದ ಚಾಸಿಸ್ ಮೇಲೆ ಫೈಬರ್ ಮೈ, ಒಳಗೆ ನಾಲ್ವರು ಮಲಗುವಷ್ಟು ಜಾಗ. ‘ಹೆಚ್ಚು ಓಡಿಸಿಯೇ ಇಲ್ಲ’ ಎಂದು ಹಿಂದಿನ ಮಾಲೀಕರು ಹೆಮ್ಮೆಯಿಂದ ಹೇಳಿದರು. ಅಳಿಯನ ಮುಖ ಅರಳಿತು, ನನ್ನ ಮುಖ ಬಾಡಿತು. ಬಸ್ಸು ಓಡಿ ಸವೆಯುತ್ತದೆ. ಇಂಥ ಟ್ರೇಲರ್ ನಿಂತು ಕೊಳೆಯುತ್ತದೆ. ಟೈರು ಬಿಸಿಲಿಗೆ ಬಿರಿಯುತ್ತದೆ, ಗ್ರೀಸು ಒಂದೇ ಕಡೆ ಇಳಿದು, ಗಾಲಿ ಸರಾಗ ತಿರುಗಲು ಒಳಗಿರುವ ಬೇರಿಂಗಿಗೆ ತುಕ್ಕು ಹತ್ತುತ್ತದೆ, ಸಂದಿಯ ಅಂಟು ಒಣಗಿ ನೀರು ಇಳಿಯುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ಸಂಸಾರ ಹೂಡುತ್ತದೆ. ಹೆಚ್ಚು ಓಡದ ಟ್ರೇಲರಿನಲ್ಲಿ ಹುಡುಕಬೇಕಾದದ್ದು ಈ ನಿಂತ ವರ್ಷಗಳ ಗುರುತನ್ನೇ.

ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ಉರುಳುವ ಭಾಗ, ಆಮೇಲೆ ನೀರು ಸೋರುವ ಭಾಗ, ಆನಂತರ ವಿದ್ಯುತ್ತು, ಅನಿಲ, ಕುಡಿಯುವ ನೀರು. ಹಾಸಿಗೆ ಮತ್ತು ಪರದೆ ಎಲ್ಲಕ್ಕಿಂತ ಕೊನೆಗೆ. ಯುಗಾದಿ ಕಳೆದ ಮೇಲೆ ಕೆಲಸ ಹಚ್ಚಿಕೊಂಡರೆ ನಮ್ಮ ಕಡೆ ಅನುಕೂಲ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಸೋರುವ ಜಾಗವನ್ನು ತಾನೇ ತೋರಿಸಿಕೊಡುತ್ತದೆ. ಜೂನ್ ಮೊದಲ ವಾರ ಮೃಗಶಿರಾ ಹೂಡುವ ಹೊತ್ತಿಗೆ ದುರಸ್ತಿ ಮುಗಿದಿರುತ್ತದೆ.

ಕಾಗದಪತ್ರ

ಟ್ರೇಲರಿಗೆ ಎಂಜಿನ್ ಇಲ್ಲ, ಹಾಗಾಗಿ ನೋಂದಣಿಯೂ ಬೇಡ ಎನ್ನುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರೂ ವಾಹನವೇ. ಅದಕ್ಕೆ ಅದರದೇ ನೋಂದಣಿ ಪುಸ್ತಕ ಬೇಕು. ಪುಸ್ತಕದಲ್ಲಿರುವ ಚಾಸಿಸ್ ಸಂಖ್ಯೆಯೂ ಕಬ್ಬಿಣದ ಮೇಲೆ ಕೊರೆದ ಸಂಖ್ಯೆಯೂ ಒಂದೇ ಇರಬೇಕು. ಅದರ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಸಾರಿಗೆ ಕಚೇರಿಯಲ್ಲಿ ಹೇಗೂ ಕೇಳುತ್ತಾರೆ.

ಮಾಲೀಕತ್ವ ಬದಲಿಸಲು ನಮೂನೆ 29 ಮತ್ತು 30 ಬೇಕು. ಕೊಂಡವರು 30 ದಿನಗಳೊಳಗೆ ತಿಳಿಸಬೇಕು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡಬೇಡಿ. ಹುಬ್ಬಳ್ಳಿಯವರಿಗೆ ಕೆಎ-63, ಧಾರವಾಡಕ್ಕೆ ಕೆಎ-25, ಗದಗಕ್ಕೆ 26, ಹಾವೇರಿಗೆ 27. ನಿಮ್ಮ ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಂಡರೆ ಒಂದು ತಿರುಗಾಟ ಉಳಿಯುತ್ತದೆ.

ಇನ್ನೆರಡು ಮಾತು. ನಿಮ್ಮ ಕಾರು ಎಷ್ಟು ತೂಕ ಎಳೆಯಬಹುದು ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ. ಕೆಲವು ಕಾರುಗಳಿಗೆ ತಯಾರಕರು ಎಳೆಯುವ ಅನುಮತಿಯನ್ನೇ ಕೊಟ್ಟಿರುವುದಿಲ್ಲ. ಟ್ರೇಲರ್ ಹೂಡಿಕೊಂಡು ಹೋದಾಗಲೂ ವಿಮೆ ನಡೆಯುತ್ತದೆ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತು ಅಪಘಾತದ ದಿನ ಯಾರಿಗೂ ನೆನಪಿರುವುದಿಲ್ಲ.

ಗೋಣಿಚೀಲ ಹಾಸಿ ಮಲಗಿ

ಬೇಕಾದ ಸಾಮಾನು ಕಡಿಮೆ: ಟಾರ್ಚು, ಸಣ್ಣ ಸುತ್ತಿಗೆ, ದಪ್ಪ ಸ್ಕ್ರೂಡ್ರೈವರ್, ತಂತಿಯ ಬ್ರಷ್, ಸೀಮೆಸುಣ್ಣ, ಒಂದು ಸೀಸೆ ಸೀಮೆಎಣ್ಣೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು.

ಚಾಸಿಸ್ಸಿನ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ. ತುಕ್ಕು ತಿಂದದ್ದು ‘ಥಪ್’ ಎಂದು ಪದರು ಉದುರಿಸುತ್ತದೆ. ಮೇಲ್ಮೈಯ ಕೆಂಪು ತುಕ್ಕಿಗೆ ಹೆದರಬೇಕಾಗಿಲ್ಲ. ಮಾರಾಟಕ್ಕೆ ಮುನ್ನ ಬಳಿದ ಹೊಸ ಕಪ್ಪು ಬಣ್ಣವನ್ನು ಮಾತ್ರ ಅನುಮಾನದಿಂದಲೇ ನೋಡುತ್ತೇನೆ. ಅಡಿಭಾಗಕ್ಕೆ ಯಾರೂ ಅಂದಕ್ಕಾಗಿ ಬಣ್ಣ ಹಚ್ಚುವುದಿಲ್ಲ.

ಮುಖ್ಯ ಜಾಗ ಮುಂದಿನ ಮೂತಿ. ಎರಡು ಕಬ್ಬಿಣದ ತೋಳುಗಳು ಬಂದು ಕೂಡಿ ಕಾರಿನ ಹಿಂಬದಿಯ ಕಬ್ಬಿಣದ ಗುಂಡಿಗೆ (ಟೋ ಬಾಲ್) ಸಿಕ್ಕಿಸುವ ಆ ತ್ರಿಕೋನದ ಬೆಸುಗೆಗಳ ಮೇಲೆ ಇಡೀ ಗಾಡಿಯ ಎಳೆತ ಬೀಳುತ್ತದೆ. ಕಣ್ಣಿಗೆ ಕಾಣದ ಬಿರುಕು ಹಿಡಿಯಲು ನಮ್ಮ ಕಾಲದ ಉಪಾಯವೊಂದಿದೆ. ಬೆಸುಗೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಯಿಂದ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿಯಿರಿ. ಬಿರುಕಿದ್ದರೆ ಒಳಗೆ ಇಂಗಿದ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಸುಣ್ಣದಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಎಳೆಯುತ್ತದೆ. ನಮ್ಮದರಲ್ಲಿ ಎಡತೋಳಿನ ಬುಡದಲ್ಲಿ ಎರಡು ಬೆರಳುದ್ದದ ಗೆರೆ ಮೂಡಿತು. ‘ಮಾವ, ಇದು ಗೀರು ಇರಬೇಕು’ ಎಂದ ಅಳಿಯ. ಒರೆಸಿ ಮತ್ತೆ ಸುಣ್ಣ ಹಚ್ಚಿದೆ. ಅದೇ ಜಾಗದಲ್ಲಿ ಅದೇ ಗೆರೆ.

ಬಿರುಕಿನ ಮೇಲೆ ಹಾಗೆಯೇ ಬೆಸುಗೆ ಹಾಕಿಸುವುದು ಹುಣ್ಣಿನ ಮೇಲೆ ಅಂಗಿ ಹಾಕಿದಂತೆ. ಬಿರುಕನ್ನು ಬುಡದವರೆಗೆ ಗ್ರೈಂಡರಿನಿಂದ ಕೊರೆಸಿ, ಒಳಗಿನಿಂದ ತುಂಬಿಸಿ, ಪಕ್ಕಕ್ಕೊಂದು ತಗಡಿನ ಆಸರೆ ಕೊಡಿಸಬೇಕು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕಮ್ಮಾರಸಾಲೆಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಇಂಥ ಕೆಲಸ ಅವರಿಗೆ ದಿನದ ರೂಢಿ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಗ್ಯಾಸ್ ಸಿಲಿಂಡರನ್ನು ಹೊರಗಿಡಿ.

ಗಾಡಿಯ ಭಾರ ಹೊರುವ ಕಮಾನು ಪಟ್ಟಿಗಳಲ್ಲಿ (ಲೀಫ್ ಸ್ಪ್ರಿಂಗ್) ಒಂದಾದರೂ ಮುರಿದಿದೆಯೇ, ಯು-ಬೋಲ್ಟುಗಳು ಬಿಗಿಯಾಗಿವೆಯೇ, ಬುಷ್ ಸವೆದು ರಂಧ್ರ ಅಂಡಾಕಾರವಾಗಿದೆಯೇ ನೋಡಿ. ಹಿಂದೆ ಸರಿದು ನಿಂತು ನೋಡಿದಾಗ ಗಾಡಿ ಒಂದು ಕಡೆ ವಾಲಿದ್ದರೆ ಆ ಕಡೆಯ ಪಟ್ಟಿ ಸೋತಿದೆ ಎಂದರ್ಥ.

ಟೈರಿನ ವಯಸ್ಸು

ಟೈರಿನ ಹಲ್ಲು ನೋಡಿ ಮೋಸಹೋಗಬೇಡಿ. ಪಕ್ಕೆಯಲ್ಲಿ ‘ಡಾಟ್’ (DOT) ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಹುಡುಕಿ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಒಂದೊಂದು ಸಲ ಆ ಅಂಕಿಗಳು ಒಳಪಕ್ಕೆಯಲ್ಲಿರುತ್ತವೆ, ಅದಕ್ಕೂ ಮಲಗಲೇಬೇಕು. ಆರೇಳು ವರ್ಷ ದಾಟಿದ ಟೈರು ಎಷ್ಟೇ ಹೊಸದರಂತೆ ಕಂಡರೂ ನಾನು ಟ್ರೇಲರಿಗೆ ಇಡುವುದಿಲ್ಲ. ಕಾರಿನ ಟೈರು ಒಡೆದರೆ ಸ್ಟಿಯರಿಂಗ್ ಕೈಯಲ್ಲಿರುತ್ತದೆ, ಟ್ರೇಲರಿನದು ಒಡೆದರೆ ಬಾಲವೇ ನಾಯಿಯನ್ನು ಆಡಿಸತೊಡಗುತ್ತದೆ. ಪಕ್ಕೆಯಲ್ಲಿ ಬೇಸಿಗೆಯ ಎರೆಹೊಲದಂತೆ ಸಣ್ಣ ಬಿರುಕುಗಳಿದ್ದರೆ ವರ್ಷ ಎಣಿಸುವ ಗೋಜೂ ಬೇಡ, ಬದಲಿಸಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಅಳತೆಯ ಪಕ್ಕದಲ್ಲಿರುವ ಎರಡಂಕಿಯ ಸಂಖ್ಯೆ ಟೈರು ಹೊರುವ ಭಾರದ ಸೂಚಿ. 82 ಎಂದರೆ 475 ಕೆ.ಜಿ., 88 ಎಂದರೆ 560, 91 ಎಂದರೆ 615. ನಮ್ಮದರಲ್ಲಿ 82 ಇತ್ತು. ಎರಡೂ ಸೇರಿ 950 ಕೆ.ಜಿ. ಗಾಡಿಯನ್ನು ಸಾಮಾನು ತುಂಬಿಸಿಯೇ ತೂಗಿಸಬೇಕು. ಅಮರಗೋಳದ ಎಪಿಎಂಸಿ ಕಡೆಯಾಗಲಿ ಬ್ಯಾಡಗಿ ಮಾರುಕಟ್ಟೆಯ ಸುತ್ತಲಾಗಲಿ ಲಾರಿ ತೂಗುವ ವೇ ಬ್ರಿಡ್ಜ್ ಸಿಗುತ್ತದೆ. ಮೆಣಸಿನಕಾಯಿ ಹಂಗಾಮಿನಲ್ಲಿ ಮಾತ್ರ ಬ್ಯಾಡಗಿ ಕಡೆ ಹೋಗಬೇಡಿ, ಸಾಲಿನಲ್ಲೇ ಸಂಜೆಯಾಗುತ್ತದೆ. ನಮ್ಮದು ನೀರು, ಪಾತ್ರೆ, ಹಾಸಿಗೆ ಸಹಿತ 880 ತೂಗಿತು. ಬರಿ 70 ಕೆ.ಜಿ. ಅಂತರ ನನಗೆ ಸಾಲದು. ಹೊಸ ಟೈರು ಕೊಳ್ಳುವಾಗ 88ರ ಸೂಚಿಯವನ್ನೇ ಹುಡುಕಿ ಹಾಕಿಸಿದೆವು.

ಬೇರಿಂಗ್: ಇಲ್ಲಿ ಅವಸರ ಬೇಡ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವಷ್ಟು ಸಮಯ ನಿಮಗಿದ್ದರೆ ಇದನ್ನು ಮಾಡಿ. ಬೇರಿಂಗ್ ಜಾಮಾದರೆ ಓಡುವ ಗಾಡಿಯ ಗಾಲಿಯೇ ಕಳಚಿ ಹೋಗಬಹುದು.

ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎದುರು ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಅಚ್ಚಿನ ಕೆಳಗೆ ಜಾಕ್ ಹಚ್ಚಿ ಎತ್ತಿ, ಕೂಡಲೇ ಸ್ಟ್ಯಾಂಡ್ ಇಡಿ. ಬರಿ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ನಾಲ್ಕು ಮೂಲೆಗಳಲ್ಲಿರುವ ತಿರುಗಿಸುವ ಕಾಲುಗಳಿಂದ ಎತ್ತಲೂ ಹೋಗಬೇಡಿ. ಅವು ನಿಂತ ಗಾಡಿ ಅಲುಗದಿರಲು ಇರುವಂಥವು, ಭಾರ ಎತ್ತಿದರೆ ಬಾಗುತ್ತವೆ.

ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಡಿ. ಬೀಸುಕಲ್ಲಿನ ಗರಗರ ಕೇಳಿಸಿದರೆ ಒಳಗೆ ಗಾಯವಿದೆ. ಗಾಲಿಯ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಿ. ಕಟಕಟ ಎಂದರೆ ಸಡಿಲವಾಗಿದೆ. ಸದ್ದಿಲ್ಲದಿದ್ದರೂ ಹೊಸದಾಗಿ ಕೊಂಡ ಹಳೆಯ ಗಾಡಿಯ ಬೇರಿಂಗನ್ನು ಒಮ್ಮೆ ಬಿಚ್ಚಲೇಬೇಕು. ಹಿಂದಿನವರು ಯಾವಾಗ ಗ್ರೀಸು ತುಂಬಿಸಿದರು ಎಂಬುದಕ್ಕೆ ಅವರ ಮಾತೊಂದೇ ಸಾಕ್ಷಿ.

ಗಾಲಿ ಕಳಚಿ, ನಡುವಿನ ತಗಡಿನ ಟೊಪ್ಪಿಗೆಯನ್ನು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆಯಿರಿ. ನಟ್ಟು ತಿರುಗದಂತೆ ತಡೆಯುವ ಕಾಟರ್ ಪಿನ್ ಎಳೆದು, ನಟ್ಟು ಬಿಚ್ಚಿ, ಹೊರಗಿನ ಬೇರಿಂಗ್ ಕೆಳಗೆ ಬೀಳದಂತೆ ಹೆಬ್ಬೆರಳು ಒತ್ತಿ ಹಬ್ಬನ್ನು, ಅಂದರೆ ಗಾಲಿ ಕೂರುವ ನಡುಗುಂಬವನ್ನು, ಎಳೆದುಕೊಳ್ಳಿ. ಎಡ ಬಲದ ಸಾಮಾನು ಬೆರೆಸಬೇಡಿ. ಎರಡು ತಾಟು ಇಟ್ಟುಕೊಳ್ಳಿ. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ಒಂದೊಂದೇ ರೋಲರ್ ನೋಡಿ. ನಮ್ಮ ಬಲಗಾಲಿಯದು ಕನ್ನಡಿಯಂತಿತ್ತು. ಎಡಗಾಲಿಯಿಂದ ಬಂದ ಗ್ರೀಸು ಡಾಂಬರಿನಂತೆ ಕಪ್ಪಾಗಿ, ಬೆರಳಿಗೆ ಮರಳು ಮರಳಾಗಿ ಸಿಕ್ಕಿತು. ತೊಳೆದಾಗ ಮೂರು ರೋಲರುಗಳ ಮೈ ನುಸಿ ತಿಂದ ಜೋಳದ ಕಾಳಿನಂತೆ ತೂತುತೂತಾಗಿತ್ತು. ರೋಲರುಗಳು ಉರುಳುವ ಹೊರಬಳೆಯ, ಅಂದರೆ ಕಪ್‌ನ, ಒಳಗೋಡೆಯಲ್ಲಿಯೂ ಅದೇ ಅಂತರಕ್ಕೆ ಮೂರು ಕಲೆ. ಗಾಡಿ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತಾಗ ಕೆಳಗಿದ್ದ ರೋಲರುಗಳು ಅವು. ತೇವ ಅಲ್ಲೇ ಕುಳಿತು ತಿಂದಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಕಾದು ಹಾಳಾದದ್ದು ಎಂದು ತಿಳಿಯಿರಿ.

ಗಾಯವಾದ ಬೇರಿಂಗನ್ನು ಉಜ್ಜಿ ಸರಿಮಾಡಲು ಬರುವುದಿಲ್ಲ. ಹಳೆಯದನ್ನು ಅಂಗಡಿಗೆ ಒಯ್ದು ಅದರ ಮೇಲೆ ಕೊರೆದ ಸಂಖ್ಯೆ ತೋರಿಸಿದರೆ ಅದೇ ಅಳತೆಯದು ಕೊಡುತ್ತಾರೆ. ರೋಲರುಗಳಿರುವ ಕೋನ್ ಮಾತ್ರ ಬದಲಿಸಿ ಹಳೆಯ ಕಪ್ ಉಳಿಸುವ ಉಳಿತಾಯ ಬೇಡ, ಜೋಡಿಯೇ ಬರಲಿ. ಆಯಿಲ್ ಸೀಲ್ ಮತ್ತು ಕಾಟರ್ ಪಿನ್ ಪ್ರತಿ ಸಲವೂ ಹೊಸದೇ ಆಗಬೇಕು.

ಗ್ರೀಸು ತುಂಬುವುದನ್ನು ಎಳೆಯ ಹುಡುಗರಿಗೆ ನಾನು ಹೀಗೆ ಕಲಿಸುತ್ತಿದ್ದೆ. ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಲಿಥಿಯಂ ಗ್ರೀಸು ಹಾಕಿಕೊಳ್ಳಿ. ಬಲಗೈಯಲ್ಲಿ ಬೇರಿಂಗ್ ಹಿಡಿದು ಅದರ ಅಗಲ ಬಾಯಿಯ ಅಂಚನ್ನು ಗ್ರೀಸಿಗೆ ಒತ್ತಿ ಒತ್ತಿ ಎಳೆಯಿರಿ. ಕಿರಿಯ ಬಾಯಿಯಲ್ಲಿ, ರೋಲರುಗಳ ನಡುವಿನಿಂದ, ಶ್ಯಾವಿಗೆ ಒರಳಿನಿಂದ ಬಂದಂತೆ ಎಳೆ ಎಳೆಯಾಗಿ ಗ್ರೀಸು ಹೊರಬರಬೇಕು. ಆಗ ಒಂದಿಷ್ಟು ತಿರುಗಿಸಿ ಮುಂದಿನ ಜಾಗ. ಹೊರಗೆ ಬಳಿದರೆ ಕೆಲಸವಾಗದು. ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬೆರೆಸಲೂಬಾರದು; ಬೇರೆ ಬೇರೆ ಜಾತಿಯ ಗ್ರೀಸು ಬೆರೆತರೆ ತೆಳ್ಳಗಾಗಿ ಹರಿದುಹೋಗಬಹುದು.

ಮತ್ತೆ ಕೂಡಿಸುವಾಗ ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟು ಬಿಗಿಮಾಡಿ, ಬೇರಿಂಗ್ ತನ್ನ ಜಾಗದಲ್ಲಿ ಕೂರಲಿ. ಆಮೇಲೆ ನಟ್ಟನ್ನು ಸಡಿಲಿಸಿ, ಬೆರಳಿನಿಂದಷ್ಟೇ ಮತ್ತೆ ಬಿಗಿದು, ಪಿನ್ನಿನ ರಂಧ್ರ ಕೂಡುವಲ್ಲಿ ನಿಲ್ಲಿಸಿ. ಹೆಚ್ಚು ಬಿಗಿದರೆ ಕಾದು ಸಾಯುತ್ತದೆ, ಸಡಿಲ ಬಿಟ್ಟರೆ ಬಡಿದು ಸಾಯುತ್ತದೆ. ಈ ಕೆಲಸ ವರ್ಷಕ್ಕೊಮ್ಮೆ, ಗಾಡಿ ಓಡಲಿ ಬಿಡಲಿ.

ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಐವತ್ತು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಹೊಸದಾಗಿ ಕೂಡಿಸಿದ ಗಾಲಿಯ ನಟ್ಟು ಸ್ವಲ್ಪ ಸಡಿಲವಾಗುವುದುಂಟು.

ಬ್ರೇಕು, ಕೊಂಡಿ, ಮೂತಿಯ ಭಾರ

ಹಬ್ ಬಿಚ್ಚಿದಾಗಲೇ ಬ್ರೇಕನ್ನೂ ನೋಡಿಬಿಡಿ. ಕ್ಯಾರವಾನುಗಳಲ್ಲಿ ಸಾಮಾನ್ಯವಾಗಿ ಇರುವುದು ಒತ್ತುಬ್ರೇಕು: ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವಿಕೆಗೆ ಮೂತಿಯ ದಂಡ ಒಳಸರಿದು ತಂತಿ ಎಳೆಯುತ್ತದೆ, ಗಾಲಿಯ ಒಳಗಿನ ಬ್ರೇಕ್ ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ. ಹ್ಯಾಂಡ್ ಬ್ರೇಕ್ ಎಳೆದೇ ವರ್ಷಗಟ್ಟಲೆ ನಿಲ್ಲಿಸಿದ್ದರೆ ಶೂ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ನಮ್ಮದೂ ಅಂಟಿತ್ತು. ನಿಲ್ಲಿಸುವಾಗ ಗಾಲಿಗೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಬಿಡುವುದೇ ಸರಿ. ಮನೆಯಲ್ಲಿ ಮಾಡಿಸಿದ ಸಣ್ಣ ಟ್ರೇಲರುಗಳಲ್ಲಿ ಬ್ರೇಕೇ ಇಲ್ಲದಿರಬಹುದು. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೇಲರಿಗೆ 750 ಕೆ.ಜಿ. ಮಿತಿ ಇದೆ, ಅದನ್ನು ಮೀರಿದ್ದು ನಿಮ್ಮ ಬಳಿ ಬ್ರೇಕಿಲ್ಲದೆ ಬಂದಿದ್ದರೆ ಘಟ್ಟದ ಕಡೆ ತಿರುಗಿಯೂ ನೋಡಬೇಡಿ.

ಕಾರಿನ ಗುಂಡಿನ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. 50 ಮಿ.ಮೀ. ಗುಂಡು ಒಂದು ಜಾತಿ, ಎರಡಿಂಚಿನದು ಇನ್ನೊಂದು. ಎರಡಿಂಚು ಅಂದರೆ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎರಡಿಂಚಿನ ಗುಂಡಿಗೆ 50ರ ಕೊಂಡಿ ಪೂರ್ತಿ ಕೂರದೆ, ಕೂತಂತೆ ನಟಿಸಿ, ದಾರಿಯಲ್ಲಿ ಹಾರಬಹುದು. ವರ್ನಿಯರ್ ಮಾಪಕ ಹಿಡಿದು ಅಳೆಯಿರಿ. 50ರ ಗುಂಡು ಸವೆದು 49ಕ್ಕೆ ಇಳಿದಿದ್ದರೆ ಬದಲಿಸಿ. ಕೊಂಡಿ ಕೂರಿಸಿದ ಮೇಲೆ ಮೂತಿಯ ಕೆಳಗಿನ ಪುಟ್ಟ ಗಾಲಿಯ ಜಾಕಿನಿಂದ ಮೂತಿಯನ್ನು ಮೇಲಕ್ಕೆತ್ತಿ. ಕಾರಿನ ಹಿಂಭಾಗವೂ ಏಳತೊಡಗಿದರೆ ಕೊಂಡಿ ಹಿಡಿದಿದೆ. ರಕ್ಷಣೆಯ ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ಆ ತೊಟ್ಟಿಲಲ್ಲಿ ಬೀಳಬೇಕು, ರಸ್ತೆಗೆ ನಾಟಬಾರದು.

ಸಾಮಾನು ಹೇರುವ ರೀತಿಯೇ ಗಾಡಿ ಹಾವಿನಂತೆ ಹರಿಯುತ್ತದೋ ನೇರ ಬರುತ್ತದೋ ಎಂಬುದನ್ನು ತೀರ್ಮಾನಿಸುತ್ತದೆ. ಹಿಂಭಾಗ ಭಾರವಾದರೆ ಬಾಲ ಬೀಸುತ್ತದೆ. ಮೂತಿಯ ಭಾರ ಒಟ್ಟು ತೂಕದ ಶೇ 5ರಿಂದ 7 ಇರಲಿ ಎಂಬುದು ಯುರೋಪಿನವರ ಲೆಕ್ಕ. ಅಮೆರಿಕದವರು ಶೇ 10ರಿಂದ 15 ಎನ್ನುತ್ತಾರೆ. ನಿಮ್ಮ ಕಾರಿನ ಕೊಂಡಿ ಎಷ್ಟು ಹೊರುತ್ತದೆ ಎಂಬುದೇ ಅಂತಿಮ ಮಿತಿ. ನಮ್ಮ 880 ಕೆ.ಜಿ.ಗೆ ಮೊದಲ ಲೆಕ್ಕದಂತೆ 44ರಿಂದ 62 ಕೆ.ಜಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕೊಂಡಿ ಅದರ ಮೇಲೆ ಕೂರುವಂತೆ ಇಳಿಸಿದರೆ ತೂಕ ತೋರಿಸುತ್ತದೆ. ಮಗಳು ಆ ಯಂತ್ರವನ್ನು ಗ್ರೀಸು ಮೆತ್ತಿಸಿಕೊಂಡು ವಾಪಸು ಪಡೆದಳು, ಅದು ಬೇರೆ ಮಾತು.

ಓಡುವಾಗ ಗಾಡಿ ತೂಗಾಡತೊಡಗಿದರೆ ಜೋರಾಗಿ ಬ್ರೇಕ್ ತುಳಿಯಬೇಡಿ, ವೇಗ ಹೆಚ್ಚಿಸಿ ಎಳೆದು ನೇರ ಮಾಡಲೂ ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ಸ್ಥಿರವಾಗಿ ಹಿಡಿಯಿರಿ. ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಹೋಗುವ ರೂಢಿಯಿಂದ ಮಕ್ಕಳನ್ನು ಒಳಗೆ ಮಲಗಿಸಿಕೊಂಡು ಹೊರಡುವವರಿದ್ದಾರೆ. ಓಡುವ ಟ್ರೇಲರಿನೊಳಗೆ ಒಂದು ನರಪಿಳ್ಳೆಯೂ ಇರಬಾರದು.

ಸೋರಿಕೆ

ನಮ್ಮ ಗಾಡಿಯ ಸೋರಿಕೆಯನ್ನು ಕಂಡುಹಿಡಿದದ್ದು ನನ್ನ ಹೆಂಡತಿಯ ಮೂಗು. ಬಾಗಿಲು ತೆಗೆದವಳೇ, ‘ಇದು ಒಣಗದ ಕೌದಿಯ ವಾಸನೆ’ ಎಂದಳು. ಮಾರುವವರು ಊದುಬತ್ತಿಯೋ ಸುವಾಸನೆಯ ಡಬ್ಬಿಯೋ ಇಟ್ಟಿದ್ದರೆ ಅದನ್ನು ಹೊರಗಿಟ್ಟು, ಕಿಟಕಿ ಬಾಗಿಲು ಒಂದು ಗಂಟೆ ಮುಚ್ಚಿ, ಆಮೇಲೆ ಮೂಸಿ ನೋಡಿ.

ನಂತರ ಹೆಬ್ಬೆರಳಿನ ಕೆಲಸ. ಕಿಟಕಿಯ ಕೆಳಮೂಲೆಗಳು, ಚಾವಣಿಯ ಗಾಳಿಕಿಂಡಿಯ ಸುತ್ತು, ಮುಂಗೋಡೆಯ ಮೂಲೆ, ಬಾಗಿಲ ಹೊಸ್ತಿಲು, ಕಪಾಟಿನ ಒಳಗೆ ಯಾರೂ ನೋಡದ ಸಂದು. ಒತ್ತಿದರೆ ಹಲಗೆ ಮೆತ್ತಗೆ ಒಳಹೋಗಬಾರದು. ಪ್ಲೈವುಡ್ ನೆಲದ ಮೇಲೆ ಹಿಮ್ಮಡಿಯಿಂದ ತುಳಿಯುತ್ತ ನಡೆಯಿರಿ. ಸ್ಪಂಜಿನಂತೆ ಜಗ್ಗಿದಲ್ಲಿ ಪದರು ಬಿಟ್ಟಿದೆ. ಹೊಸದಾಗಿ ಅಂಟಿಸಿದ ವಾಲ್‌ಪೇಪರ್ ಒಂದೇ ಮೂಲೆಯಲ್ಲಿದ್ದರೆ ಅದರ ಹಿಂದೇನಿದೆ ಎಂದು ಕೇಳುವ ಹಕ್ಕು ನಿಮಗಿದೆ.

ನೀರಿನ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ, ಇನ್ನೊಬ್ಬರು ಪೈಪು ಹಿಡಿದು ಹೊರಗೆ. ಕೆಳಗಿನಿಂದ ಆರಂಭಿಸಿ, ಒಂದೊಂದು ಸಂದಿಗೆ ಐದು ನಿಮಿಷ ನೀರು ಬಿಡುತ್ತ ಮೇಲೇರಿ. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆ ಹರಿದು ಯಾವ ಸಂದಿ ಕಳ್ಳ ಎಂದು ತಿಳಿಯುವುದಿಲ್ಲ. ಸೋರಿದ ನೀರು ಒಳಗೆ ಕಾಣುವ ಜಾಗವೂ ಅದು ಹೊಕ್ಕ ಜಾಗವೂ ಒಂದೇ ಇರಬೇಕಾಗಿಲ್ಲ. ನಮ್ಮಲ್ಲಿ ಹಾಸಿಗೆಯ ತಲೆದೆಸೆಯಲ್ಲಿ ತೊಟ್ಟಿಕ್ಕಿದ ನೀರು ಹೊಕ್ಕದ್ದು ನಾಲ್ಕಡಿ ಹಿಂದೆ, ಚಾವಣಿಯ ಮೇಲಿನ ಸೌರಫಲಕದ ಸ್ಕ್ರೂ ರಂಧ್ರದಲ್ಲಿ.

ದುರಸ್ತಿಯಲ್ಲಿ ನೂರಕ್ಕೆ ತೊಂಬತ್ತು ಮಂದಿ ಮಾಡುವ ತಪ್ಪು, ಹಳೆಯ ಅಂಟಿನ ಮೇಲೆ ಸಿಲಿಕೋನ್ ಹಿಂಡುವುದು. ಸಿಲಿಕೋನ್ ಒಮ್ಮೆ ಕೂತ ಜಾಗದಲ್ಲಿ ಮುಂದೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಸಂದಿಯ ಮೇಲಿನ ಪಟ್ಟಿ ಬಿಚ್ಚಿ, ಹಳೆಯ ಅಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಪೂರ್ತಿ ಕೆರೆದು, ಸ್ಪಿರಿಟ್ ಹಚ್ಚಿ ಒರೆಸಿ, ಒಳಗೆ ಬ್ಯುಟೈಲ್ ಟೇಪು ಕೂರಿಸಿ ಪಟ್ಟಿ ಬಿಗಿಯಿರಿ. ಅಂಚಿಗೆ ಪಾಲಿಯುರೆಥೇನ್ ಸೀಲಂಟ್. ನೆನೆದ ಹಲಗೆ ಪೂರ್ತಿ ಒಣಗುವವರೆಗೆ ಮುಚ್ಚಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟಾದರೂ ಉಪಯೋಗವಿದೆ.

ವಿದ್ಯುತ್ತು

ಕಾರಿಗೆ ಪ್ಲಗ್ ಸಿಕ್ಕಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ ದೀಪಗಳನ್ನು ಒಂದೊಂದಾಗಿ ಹಚ್ಚಿ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಂಕಾಗಿ ಮಿಣುಕಿದರೆ, ಅಥವಾ ಒಂದು ಹಚ್ಚಿದರೆ ಇನ್ನೊಂದು ಹೊತ್ತಿದರೆ, ಬಲ್ಬಿನ ತಪ್ಪಲ್ಲ; ಅರ್ಥಿಂಗ್ ತುಕ್ಕು ಹಿಡಿದಿದೆ. ಏಳು ಪಿನ್ನಿನ ಪ್ಲಗ್ಗಿನಲ್ಲಿ ಅಂತರರಾಷ್ಟ್ರೀಯ ಕ್ರಮದಂತೆ ಅದು ಬಿಳಿ ತಂತಿ. ಸ್ಥಳೀಯವಾಗಿ ಕಟ್ಟಿದ ಗಾಡಿಗಳಲ್ಲಿ ಬಣ್ಣಗಳಿಗೆ ನಿಯಮವಿರುವುದಿಲ್ಲ. ಯಾವ ಬಣ್ಣ ಯಾವುದಕ್ಕೆ ಎಂದು ಒಮ್ಮೆ ಹುಡುಕಿ ಬರೆದಿಡಿ.

ಒಳಗಿನ 12 ವೋಲ್ಟ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮೀಟರ್ ಹಿಡಿಯಿರಿ. ಸೀಸ-ಆಮ್ಲದ ಬ್ಯಾಟರಿ 12.6ರ ಆಸುಪಾಸು ನಿಂತರೆ ಆರೋಗ್ಯವಾಗಿದೆ, 12.2 ಎಂದರೆ ಅರ್ಧ ಖಾಲಿ. ರಾತ್ರಿ ಬೆಳಗಾಗುವುದರಲ್ಲಿ 12ಕ್ಕೆ ಇಳಿದರೆ ಹೊಸದಕ್ಕೆ ಹಣ ತೆಗೆದಿಡಿ.

ಮನೆಯ 230 ವೋಲ್ಟ್ ಸಂಪರ್ಕ ಇರುವ ಗಾಡಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು, ಇರಲೇಬೇಕು. ಅದರ ಪರೀಕ್ಷಾ ಗುಂಡಿ ಒತ್ತಿದಾಗ ಟಕ್ಕನೆ ಬೀಳಬೇಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದಂತೆಯೇ ಭಾರ ಎಳೆದರೆ ಸುರುಳಿಯ ನಡುವೆ ಕಾದು ಕರಗುತ್ತದೆ. ಹೊಲದ ಪಂಪ್‌ಸೆಟ್ ಮನೆಯಿಂದ ತಂತಿ ಎಳೆದು ಗಾಡಿಗೆ ಕೊಡುವ ಸಾಹಸ ಮಾಡಬೇಡಿ. ಇಲಿ ಕಡಿದ ವೈರು ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲೇ ಹೆಚ್ಚು.

ಗ್ಯಾಸ್ ಮತ್ತು ನೀರು

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನೀರಿನಂತೆ ತುಂಬುತ್ತದೆ. ಆದ್ದರಿಂದ ಸಿಲಿಂಡರ್ ಪೆಟ್ಟಿಗೆಗೆ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಬೇಕು. ಹಿಂದಿನವರು ಧೂಳು ಬರುತ್ತದೆಂದು ಅದಕ್ಕೆ ಬಟ್ಟೆ ತುರುಕಿದ್ದರೆ, ನಮಗೆ ಮಾರಿದವರು ತುರುಕಿದ್ದರು, ಮೊದಲು ತೆಗೆಯಿರಿ. ರಬ್ಬರ್ ಕೊಳವೆಯ ಮೇಲೆ ಅಚ್ಚಾದ ದಿನಾಂಕ ನೋಡಿ. ಮುಗಿದಿದ್ದರೆ ಅಥವಾ ದಿನಾಂಕವೇ ಇಲ್ಲದಿದ್ದರೆ ಹೊಸದು ಹಾಕಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರದ ಜೊತೆ ವರ್ಷವಿರುತ್ತದೆ. ಬಿ-28 ಎಂದರೆ 2028ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಅದರ ಪರೀಕ್ಷೆ ಆಗಬೇಕು. ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬೆಂಕಿಕಡ್ಡಿ ಗೀರಿ ನೋಡುವ ಧೀರರು ಈಗಲೂ ಇದ್ದಾರೆ. ಓಡುವಾಗ ರೆಗ್ಯುಲೇಟರ್ ಮುಚ್ಚಿರಬೇಕು. ಚಳಿಗೆಂದು ಒಲೆ ಹಚ್ಚಿಟ್ಟು ಕಿಟಕಿ ಮುಚ್ಚಿ ಮಲಗಿದರೆ ಎದ್ದೇಳುವ ಭರವಸೆ ಇಲ್ಲ.

ನೀರಿನ ತೊಟ್ಟಿಯನ್ನು ಖಾಲಿ ಮಾಡಿ, ಕೈ ಹೋಗುವಲ್ಲಿ ಪಾಚಿ ಉಜ್ಜಿ, ಮತ್ತೆ ತುಂಬಿ. ಸುಗಂಧ ಬೆರೆಸದ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಪ್ರತಿ ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ಬೆರೆಸಿ, 60 ಲೀಟರಿಗೆ 60 ಮಿ.ಲೀ. ಎಲ್ಲ ನಳಗಳಲ್ಲಿಯೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ನಿಲ್ಲಿಸಿ, ನಾಲ್ಕು ಗಂಟೆಯಾದ ಮೇಲೆ ಚೆಲ್ಲಿ ಎರಡು ಸಲ ತೊಳೆಯಿರಿ. ನಳದ ನೀರಿಗೆ ದಿನ ಎಣಿಸುವ ನಮ್ಮ ಊರಿನಲ್ಲಿ ಇಷ್ಟು ನೀರು ಚೆಲ್ಲಲು ಸಂಕಟವಾಗುತ್ತದೆ, ಗಿಡಗಳಿಗೂ ಅದನ್ನು ಹಾಕುವಂತಿಲ್ಲ. ಗದಗ ಕಡೆಯ ಗಡಸು ಬೋರ್‌ವೆಲ್ ನೀರು ತುಂಬಿಸಿದರೆ ನಳದ ಜಾಲರಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನಿಂಬೆರಸದಲ್ಲಿ ನೆನೆಸಿದರೆ ಬಿಡುತ್ತದೆ. ಪ್ರವಾಸ ಮುಗಿದ ಮೇಲೆ ತೊಟ್ಟಿ ಖಾಲಿ ಇರಲಿ.

ಮೊದಲ ಓಟ

ಮೊದಲ ದಿನವೇ ಗೋಕರ್ಣಕ್ಕೆ ಹೊರಡಬೇಡಿ. ನಾವು ಹುಬ್ಬಳ್ಳಿಯಿಂದ ಗದಗ ರಸ್ತೆಯಲ್ಲಿ ಅಣ್ಣಿಗೇರಿಗೆ ಹೋಗಿಬಂದೆವು. ಸುಮಾರು 35 ಕಿ.ಮೀ., ನೆಲ ಸಪಾಟು, ತಿರುವು ಕಡಿಮೆ. ಗಾಡಿ ಕೈಕೊಟ್ಟರೂ ಮನೆ ದೂರವಿಲ್ಲ. ಇಪ್ಪತ್ತು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ, ಹಬ್ಬಿನ ಹತ್ತಿರ ಮುಂಗೈ ಒಯ್ದು ನೋಡಿ. ಹದವಾಗಿ ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಒಂದು ಗಾಲಿ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ, ಬೇರಿಂಗ್ ಹೆಚ್ಚು ಬಿಗಿದಿದೆ ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಅಮೃತೇಶ್ವರ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ನಾನು ಮತ್ತೆ ಗೋಣಿಚೀಲ ಹಾಸಿದಾಗ ಅಳಿಯ ಯಾರಾದರೂ ನೋಡಿಯಾರು ಎಂದು ಅತ್ತಿತ್ತ ನೋಡಿದ.

ಹಿಂದಕ್ಕೆ ತಿರುಗಿಸುವುದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಯೋಚನೆ ಇದೆಲ್ಲ ಆದ ಮೇಲೆ. ಅಲ್ಲಿ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಿ, ಕಾಲು ಬ್ರೇಕಿನ ಮೇಲೆ ಇಟ್ಟೇ ಇರಬೇಡಿ. ಒತ್ತುಬ್ರೇಕು ಇಳಿಜಾರಿನುದ್ದಕ್ಕೂ ಹಿಡಿದುಕೊಂಡು ಕಾಯುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಆರಲು ಬಿಡಿ, ನೀರು ಸುರಿಯಬೇಡಿ.

ನಿಲ್ಲಿಸಿಡುವಾಗ

ವರ್ಷದಲ್ಲಿ ಹನ್ನೊಂದು ತಿಂಗಳು ಗಾಡಿ ನಿಂತೇ ಇರುತ್ತದೆ, ಹಾಗಾಗಿ ನಿಲ್ಲಿಸುವ ಜಾಗವೂ ನಿರ್ವಹಣೆಯ ಭಾಗವೇ. ನವಲಗುಂದ, ರೋಣದ ಕಡೆಯವರು ಎರೆಮಣ್ಣಿನ ಮೇಲೆ ನೇರವಾಗಿ ನಿಲ್ಲಿಸಬೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ; ಒಂದು ಗಾಲಿ ಕುಸಿದು ಚಾಸಿಸ್ ತಿರುಚಿಕೊಳ್ಳುತ್ತದೆ. ಗಾಲಿಗಳ ಕೆಳಗೆ ಕಡಪಾ ಕಲ್ಲು ಅಥವಾ ದಪ್ಪ ಹಲಗೆ, ಮೂಲೆಯ ಕಾಲುಗಳ ಕೆಳಗೆ ಮರದ ತುಂಡು. ಮೂತಿ ತುಸು ಮೇಲಿರಲಿ, ಚಾವಣಿಯ ನೀರು ಹಿಂದಕ್ಕೆ ಹರಿದುಹೋಗಲಿ. ಪ್ಲಾಸ್ಟಿಕ್ ತಾಡಪಾಲು ಬಿಗಿಯಾಗಿ ಸುತ್ತಿದರೆ ಒಳಗೆ ಬೆವರುತ್ತದೆ. ಮೇಲೊಂದು ತಗಡಿನ ಚಪ್ಪರ ಲೇಸು. ಟೈರಿಗೆ ಗೋಣಿಚೀಲ ಹೊದಿಸಿ, ತಿಂಗಳಿಗೊಮ್ಮೆ ಗಾಡಿಯನ್ನು ಕಾಲು ಸುತ್ತು ಮುಂದಕ್ಕೆ ತಳ್ಳಿ. ಎಡಗಾಲಿಯ ಆ ಮೂರು ರೋಲರುಗಳು ಕೇಳಿದ್ದು ಇಷ್ಟನ್ನೇ. ಗಾಳಿಕಿಂಡಿಗಳಿಗೆ ಸಣ್ಣ ಜಾಲರಿ ಹಾಕಿ, ಇಲ್ಲದಿದ್ದರೆ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ.

ಇನ್ನೊಂದು ಮಾತು: ನೂರು ಪುಟದ ವಹಿ ತಂದು ಗಾಡಿಯಲ್ಲೇ ಇಡಿ. ದಿನಾಂಕ, ಮಾಡಿದ ಕೆಲಸ, ಬೇರಿಂಗಿನ ಸಂಖ್ಯೆ, ಟೈರಿನ ವಾರ, ಬ್ಯಾಟರಿಯ ವೋಲ್ಟು, ವೇ ಬ್ರಿಡ್ಜಿನ ಚೀಟಿ. ನಮ್ಮ ವಹಿಯ ಮೊದಲ ಪುಟದಲ್ಲಿ ಅಳಿಯನ ಅಕ್ಷರದಲ್ಲಿದೆ: ‘ಅಣ್ಣಿಗೇರಿ, ಹೋಗಿ ಬಂದು 70 ಕಿ.ಮೀ. ಎಡ ಹಬ್ ಬೆಚ್ಚಗೆ. ಬಲ ಹಬ್ ಬೆಚ್ಚಗೆ. ನಟ್ಟು ಮತ್ತೆ ಬಿಗಿದಿದೆ, ಬಲಗಡೆ ಒಂದು ಅರ್ಧ ಸುತ್ತು ಬಂತು.’